ಮೂರನೇ ಕಂಬದ ಗೆದ್ದಲು

ಮನೆಯ ಕೆಳಗೆ, ಮೂರನೇ ಕಂಬದ ಮೇಲೆ, ಗೆದ್ದಲಿನ ಮಣ್ಣುದಾರಿ ಇತ್ತು. ಮಂಗಳವಾರ ಅದು ಇರಲಿಲ್ಲ. ಇವತ್ತು ಶುಕ್ರವಾರ.

ಬ್ರಾನ್ವಿನ್ ಟಕ್‌ವೆಲ್ ಟಾರ್ಚ್ ಹಿಡಿದು ಮೊಣಕಾಲೂರಿದಳು. ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್ಚಿನಲ್ಲಿ, ಕಂಬಗಳ ಮೇಲೆ ನಿಂತ ಮರದ ಮನೆಗಳ ಕೆಳಗೆ ತೆವಳಿ ಗೆದ್ದಲು ಹುಡುಕುವುದು ಅವಳ ಕಸುಬು. ಇಪ್ಪತ್ತಾರು ವರ್ಷದಿಂದ ಅದೇ ಮಾಡುತ್ತಿದ್ದಾಳೆ. ಈ ಮನೆಗೂ ಅವಳೇ ಮಂಗಳವಾರ 'ಗೆದ್ದಲಿಲ್ಲ' ಎಂದು ಬರೆದು ಸಹಿ ಹಾಕಿದ್ದಳು.

"ಇಲ್ಲ ಅಂದಿದ್ರಲ್ಲ ಆಂಟಿ? ಮತ್ತೆ ಇದೇನು, ಚಾಕೊಲೇಟಾ?"

ಹಿಂದೆ ನಿಂತವಳು ಸೆಫಿನಾ. ಸಮೋವಾದವಳು. ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಗಂಡ ಲಾರಿ ಓಡಿಸುತ್ತಾನೆ. ನಾಲ್ಕು ಮಕ್ಕಳು, ಒಬ್ಬ ಅತ್ತೆ. ಬಾಡಿಗೆ ಮನೆಯನ್ನು ಇನ್ನು ಮೂರು ವಾರದಲ್ಲಿ ಖಾಲಿ ಮಾಡಬೇಕು. ಹನ್ನೊಂದು ಮನೆಗಳು ಕೈತಪ್ಪಿದ ಮೇಲೆ ಕೊಳ್ಳಲು ಸಿಕ್ಕಿದ್ದು ಇದು. ಗೆದ್ದಲಿನ ಕಾರಣ ಕೊಟ್ಟು ಕರಾರಿನಿಂದ ಹಿಂದೆ ಸರಿಯಲು ಅವಳಿಗೆ ಸಂಜೆ ಐದರವರೆಗೆ ಅವಕಾಶ. ಆಮೇಲೆ ಮನೆ ಹೇಗಿದ್ದರೂ ಅವಳದೇ.

"ನಾನು ಸುಳ್ಳು ಬರೆದಿಲ್ಲ ಕಣೇ."

"ಮೂರು ದಿನದಲ್ಲಿ ಇಷ್ಟು ಕಟ್ಟುತ್ತಾ ಗೆದ್ದಲು?"

"ಕಟ್ಟುತ್ತೆ," ಎಂದಳು ಬ್ರಾನ್ವಿನ್. ಅವಳಿಗೆ ಸಮಾಧಾನ ಹೇಳಿ ಅಭ್ಯಾಸವಿಲ್ಲ. "ನಿಂಗೆ ಹೇಳಿದ್ದು ಯಾರು?"

"ಏಜೆಂಟ್. ಡ್ಯಾರಲ್ ಪಿಮ್. ನಿನ್ನೆ ಫೋಟೋ ಕಳಿಸಿದ. ಬಿಟ್ಟುಬಿಡಿ, ಮುಂಗಡ ವಾಪಸ್ ಕೊಡಿಸ್ತೀನಿ ಅಂದ."

ಬ್ರಾನ್ವಿನ್ ತಿರುಗಿದಳು. "ಬಿಡಿ ಅಂದನಾ? ಡ್ಯಾರಲ್?"

"ಹೂಂ. ಎಷ್ಟು ಮೆತ್ತಗೆ ಮಾತಾಡಿದ ಗೊತ್ತಾ! ಹೋದ ವಾರ ದಿನಕ್ಕೆ ಒಂಬತ್ತು ಸಲ ಫೋನ್ ಮಾಡ್ತಿದ್ದ. ನಾನು ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸ್ತಿದ್ರೆ, 'ಇವತ್ತೇ ಸಹಿ ಹಾಕಿ, ಹಿಂದೆ ಜನ ಕ್ಯೂ ನಿಂತಿದಾರೆ' ಅಂತಿದ್ದ. ಅಜ್ಜಿನೇ ಫೋನ್ ಕಿತ್ಕೊಂಡು ಬೈದ್ರು."

"ಬೆಂಕಿ ಬಿದ್ದ ಮನೇನೂ 'ಒಳ್ಳೆ ಬೆಚ್ಚಗಿದೆ' ಅಂತ ಮಾರೋ ಜನ ಅವರು," ಎಂದಳು ಬ್ರಾನ್ವಿನ್. "ಅವನು ಬೇಡ ಅಂದ್ರೆ ಏನೋ ಇದೆ. ಸ್ಕ್ರೂಡ್ರೈವರ್ ಕೊಡು."

ಮಣ್ಣಿಗೆ ಚುಚ್ಚಿದಳು. ಬೆರಳುದ್ದದ ತುಂಡೊಂದು ಇಡಿಯಾಗಿ ಕಳಚಿ ಅಂಗೈಗೆ ಬಿತ್ತು. ಅವಳು ಅದನ್ನು ಮೂಸಿದಳು. ಕಂಬದ ತುದಿಗೆ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದಳು. ಮೇಲಿನ ತೊಲೆಯನ್ನು ಬಡಿದು ನೋಡಿದಳು. ಆರು ಫೋಟೋ ತೆಗೆದಳು.

"ಏನಾಯ್ತು ಆಂಟಿ?"

"ಮೇಲೆ ಹೋಗೋಣ."

* * *

ಮನೆ ಮಾರುತ್ತಿದ್ದ ವರ್ನನ್ ಕಿಯೋ ಅಡುಗೆಮನೆಯಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ. ಎಂಬತ್ತೊಂದು ವರ್ಷ. ಪಕ್ಕದಲ್ಲಿ ವಾಕರ್. ಉಗುರಿನಲ್ಲಿ ಮಣ್ಣು.

ಸೆಫಿನಾ ಮೊದಲು ನೋಡಿದ್ದು ಆ ಉಗುರನ್ನೇ.

"ನೀವೇ ಮಾಡಿದ್ರಾ? ಮಾರೋಕೆ ಇಷ್ಟವಿಲ್ಲ ಅಂದ್ರೆ ನೇರ ಹೇಳಬಹುದಿತ್ತಲ್ಲ!"

"ನಾನಾ?" ಮುದುಕ ಜಗಲಿಯ ಟೊಮೆಟೊ ಕುಂಡಗಳತ್ತ ಕೈ ತೋರಿಸಿದ. "ಇದು ಆ ಮಣ್ಣು ಮಗಳೇ. ಮೆಟ್ಟಿಲಿಳಿಯೋಕೆ ನಂಗೆ ಕಾಲು ಗಂಟೆ ಬೇಕು. ಕೆಳಗೆ ಬಗ್ಗಿದ್ರೆ ಏಳಿಸೋಕೆ ಆಂಬುಲೆನ್ಸೇ ಬರಬೇಕು. ಮತ್ತೆ ಮಾರೋಕೆ ಇಷ್ಟ ಇಲ್ವಂತೆ! ಅಕ್ಕ ಸಮುದ್ರದ ಹತ್ತಿರ ರೂಮು ಸಿದ್ಧ ಮಾಡಿ ಕಾಯ್ತಿದಾಳೆ. ನೀನು ಕೈಬಿಟ್ರೆ ಮೊದಲು ಬೈಸ್ಕೊಳ್ಳೋನು ನಾನು."

"ಕೆಳಗಿನ ಗೇಟಿನ ಬೀಗದ ಕೈ ಯಾರ ಹತ್ರ ಇದೆ?" ಬ್ರಾನ್ವಿನ್ ಕೇಳಿದಳು.

"ಒಂದು ನನ್ನ ಹತ್ರ. ಇನ್ನೊಂದು ಡ್ಯಾರಲ್ ಹತ್ರ."

"ಮಂಗಳವಾರದ ಮೇಲೆ ಬಂದಿದ್ನಾ?"

"ಬುಧವಾರ. ಫೋಟೋ ತೆಗೀಬೇಕು ಅಂದ. ಮಾರಿ ಆದ ಮನೆಗೆ ಫೋಟೋ ಯಾಕೋ, ನಂಗೇನು ಗೊತ್ತು."

"ಬೇರೆ ಯಾರಾದ್ರೂ ಮನೆ ಕೇಳಿದಾರಾ?"

"ನಿನ್ನೆ ಒಂದು ಕಾಗದ ಕೊಟ್ಟ. ಈ ಹುಡುಗಿ ಬಿಟ್ರೆ ಕೊಳ್ಳೋರು ಸಿದ್ಧ ಇದಾರಂತೆ. ಬ್ರಿಸ್ಬೇನ್‌ನವರು ಅಂದ. ನನ್ನ ಕಣ್ಣಿಗೆ ಆ ಅಕ್ಷರ ಕಾಣಲ್ಲ."

ಬ್ರಾನ್ವಿನ್ ಕಾಗದ ಓದಿದಳು. ಒಂದು ಸಾಲನ್ನು ಎರಡು ಸಲ ಓದಿದಳು. "ಡ್ಯಾರಲ್‌ನ ಕರೀರಿ," ಎಂದಳು. "ಸೆಫಿನಾ ಮನೆ ಬಿಡ್ತಾಳಂತೆ ಅನ್ನಿ. ಓಡಿ ಬರ್ತಾನೆ."

* * *

ನಾಲ್ಕೂ ಇಪ್ಪತ್ತಕ್ಕೆ ಡ್ಯಾರಲ್ ಬಂದ. ರದ್ದುಪತ್ರ ಸಿದ್ಧವಾಗಿತ್ತು. ಪೆನ್ನಿನ ಮುಚ್ಚಳವೂ ತೆಗೆದಿತ್ತು.

"ಸೆಫಿನಾ ಡಾರ್ಲಿಂಗ್, ನಂಗೆ ತುಂಬ ಬೇಜಾರಾಗಿದೆ. ಇಲ್ಲೊಂದು ಸಹಿ. ಇದಕ್ಕಿಂತ ಚೆನ್ನಾಗಿರೋ ಮನೆ ನಾನೇ ಹುಡುಕಿಕೊಡ್ತೀನಿ."

"ಕೂತ್ಕೊ ಡ್ಯಾರಲ್," ಎಂದಳು ಬ್ರಾನ್ವಿನ್. ಮಣ್ಣಿನ ತುಂಡನ್ನು ಮೇಜಿನ ಮೇಲಿಟ್ಟಳು. "ಪ್ರತಿ ಕಂಬದ ನೆತ್ತಿಗೂ ಒಂದು ತಗಡಿನ ತಟ್ಟೆ ಇರುತ್ತೆ, ನೋಡಿದೀಯಾ?"

"ಇದ್ರೆ?"

"ಗೆದ್ದಲಿಗೆ ತಗಡು ಕೊರೆಯೋಕೆ ಆಗಲ್ಲ. ತಟ್ಟೆಯ ಅಂಚು ಸುತ್ತಿ ಮೇಲೆ ಹತ್ತಬೇಕು. ಹತ್ತೋವಾಗ ನಮ್ಮ ಕಣ್ಣಿಗೆ ಬೀಳಲಿ ಅಂತಾನೇ ಅದನ್ನ ಇಟ್ಟಿರೋದು. ಈ ಕಂಬದಲ್ಲಿ ತಟ್ಟೆಯ ಕೆಳಗೆ ಮಣ್ಣಿದೆ, ಮೇಲಿನ ತೊಲೆಗೂ ಮಣ್ಣಿದೆ. ಅಂಚಿನ ಮೇಲೆ ಮಾತ್ರ ಇಲ್ಲ. ಅಲ್ಲಿ ಹಳೇ ಜೇಡರಬಲೆ ಹಾಗೇ ಇದೆ. ನಿನ್ನ ಗೆದ್ದಲೇನು ಹಾರಿತಾ?"

ಡ್ಯಾರಲ್ ನಕ್ಕ. ಬೇರೆ ಯಾರೂ ನಗಲಿಲ್ಲ.

"ಗೆದ್ದಲು ಕಟ್ಟಿದ ಮಣ್ಣು ಮುಟ್ಟಿದ್ರೆ ಪುಡಿ ಆಗುತ್ತೆ. ಇದು ಇಡಿಯಾಗಿ ಕಳಚಿತು. ಹಿಂದೆ ಗೋಂದು ಇದೆ, ವಾಸನೆ ಇನ್ನೂ ಹೋಗಿಲ್ಲ. ತೊಲೆ ಬಡಿದು ನೋಡಿದೆ, ಗಟ್ಟಿಯಾಗಿದೆ."

"ಮುದುಕನೇ ಮಾಡಿರಬಹುದು."

"ಆಂಬುಲೆನ್ಸ್ ಕರೆಸಿಕೊಂಡಾ?" ಎಂದ ವರ್ನನ್.

ಬ್ರಾನ್ವಿನ್ ಕಾಗದ ಎತ್ತಿದಳು. "ಗೆದ್ದಲು ಕಂಡಿದೆ ಅಂತ ನೀನು ಎಲ್ಲರಿಗೂ ಹೇಳಿದ್ದು ನಿನ್ನೆ. ಅದೇ ದಿನ ಬಂದ ಈ ಗಿರಾಕಿ, 'ಗೆದ್ದಲು ಪರೀಕ್ಷೆ ಬೇಡ' ಅಂತ ಬರೆಸಿದಾಳೆ. ಈ ಊರಲ್ಲಿ ನಾಯಿಗೂಡು ಕೊಳ್ಳೋರೂ ಪರೀಕ್ಷೆ ಮಾಡಿಸ್ತಾರೆ. ಗೆದ್ದಲು ಸುಳ್ಳು ಅಂತ ಗೊತ್ತಿದ್ದೋರು ಮಾತ್ರ ಬೇಡ ಅಂತಾರೆ. ವರ್ನನ್, ಇಲ್ಲಿ ಗಿರಾಕಿಯ ಹೆಸರು ಕಾರ್ಲಾ ಡ್ರೂಯಿಟ್ ಅಂತಿದೆ. ಯಾರದು?"

ಮುದುಕನ ಬಿಸ್ಕತ್ತು ಚಹಾದೊಳಗೆ ಮುರಿದುಬಿತ್ತು. "ಇಲ್ಲೇ ನಮ್ಮ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಬಿಯರ್ ಹಾಕಿಕೊಡೋಳು. ಇವನ ನಾದಿನಿ. ಎಲ್ಲಿಯ ಬ್ರಿಸ್ಬೇನೋ, ಲೋಫರ್!"

"ಆದ್ರೆ ಯಾಕೆ?" ಸೆಫಿನಾ ಕೇಳಿದಳು. "ನಂಗೆ ಮಾರಿದ್ರೂ ಇವನಿಗೆ ಕಮಿಷನ್ ಬರ್ತಿತ್ತಲ್ಲ?"

"ಪಕ್ಕದ ಮನೆ ಕೊಂಡೋರೂ ಪರೀಕ್ಷೆಗೆ ನನ್ನನ್ನೇ ಕರೆದಿದ್ರು. ಬುಧವಾರ ಬೆಳಿಗ್ಗೆ ರದ್ದು ಮಾಡಿದ್ರು. ಕ್ಲಿನಿಕ್ ಕಟ್ಟೋಕೆ ಮನೆ ಕೆಡವ್ತಾರಂತೆ, ಕೆಡವೋ ಮನೆಗೆ ಪರೀಕ್ಷೆ ಯಾಕೆ ಅಂದ್ರು. ಆ ಮನೆ ಮಾರಿದ ಏಜೆಂಟೂ ಇವನೇ. ಕ್ಲಿನಿಕ್‌ನವರಿಗೆ ಈ ಜಾಗಾನೂ ಬೇಕಿರುತ್ತೆ. ನಾದಿನಿ ಹೆಸರಲ್ಲಿ ಕೊಂಡು ಅವರಿಗೆ ಮಾರೋ ಲೆಕ್ಕ. ಅಲ್ವಾ ಡ್ಯಾರಲ್?" ಎಂದಳು ಬ್ರಾನ್ವಿನ್.

"ದುಪ್ಪಟ್ಟು ಕೊಡ್ತೀವಿ ಅಂದ್ರು," ಎಂದ ಡ್ಯಾರಲ್. ದನಿ ಸಣ್ಣದಾಗಿತ್ತು. "ಅಷ್ಟೊತ್ತಿಗೆ ಇವಳ ಸಹಿ ಆಗಿಹೋಗಿತ್ತು."

"ನೀನೇ ಒಂಬತ್ತು ಸಲ ಫೋನ್ ಮಾಡಿ ಹಾಕಿಸಿದ ಸಹಿ," ಎಂದಳು ಸೆಫಿನಾ.

ಬ್ರಾನ್ವಿನ್ ಫೋಟೋಗಳನ್ನು ಪೊಲೀಸರಿಗೂ ಏಜೆಂಟರಿಗೆ ಪರವಾನಗಿ ಕೊಡುವ ಇಲಾಖೆಗೂ ಕಳಿಸಿದಳು. ಡ್ಯಾರಲ್ ಪೆನ್ನು ಮೇಜಿನ ಮೇಲೇ ಬಿಟ್ಟು ಹೋದ.

* * *

ನಾಲ್ಕೂ ಐವತ್ತಕ್ಕೆ ಸೆಫಿನಾ ವಕೀಲರಿಗೆ ಫೋನ್ ಮಾಡಿದಳು. ಮನೆ ಸರಿ ಇದೆ, ಕೊಳ್ಳುತ್ತೇನೆ, ಎಂದಳು. ಅವರು ಎರಡು ಸಲ ಕೇಳಿದರು. ಅವಳು ಎರಡು ಸಲ ಹೌದು ಎಂದಳು.

ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಹೇಳಲು ಹೋದರೆ ಅಳು ಬಂತು. ಆ ಕಡೆ ಲಾರಿ ನಿಂತ ಸದ್ದಾಯಿತು. "ಹೋಯ್ತಾ ಇದೂ?" ಎಂದು ಅವನು ಕೇಳಿದ.

"ಇಲ್ಲ ಕಣೋ. ಸಿಕ್ತು."

ಅತ್ತ ಹಾರ್ನ್ ಮೊಳಗಿತು. ನಿಲ್ಲಲೇ ಇಲ್ಲ.

ವರ್ನನ್ ವಾಕರ್ ದೂಡುತ್ತ ಅವಳನ್ನು ಹಿಂಬಾಗಿಲ ಹತ್ತಿರ ಕರೆದ. "ಇಲ್ನೋಡು ಮಗಳೇ. ಇದು ಸುಮ್ನೆ ತಳ್ಳಿದ್ರೆ ಮುಚ್ಚಲ್ಲ. ಸ್ವಲ್ಪ ಎತ್ತಿ ಎಳೀಬೇಕು."

ಸೆಫಿನಾ ಎತ್ತಿ ಎಳೆದಳು. ಮುಚ್ಚಿತು.

"ಇನ್ನೊಂದು ಸಲ," ಎಂದ ಮುದುಕ.