ಆಷಾಢದಲ್ಲಿ ಖಾಲಿ ಇದ್ದ ಮನೆ

ಬೆಳಗಿನ ಬಿಸಿಲು ಅಡುಗೆಮನೆಗೆ ಬಿದ್ದಿತ್ತು, ಬಿಸಿಲಿನ ಜೊತೆಗೆ ಗಾಳಿಯಂತ್ರದ ರೆಕ್ಕೆಯ ನೆರಳೂ. ಗೋಡೆ, ಒಲೆ, ಅಕ್ಕನ ಮುಖ, ಮತ್ತೆ ಗೋಡೆ... ಸುತ್ತುತ್ತಲೇ ಇತ್ತು. ಶಾಮಲಕ್ಕ ಕಣ್ಣು ಮುಚ್ಚಿ, ಕಟ್ಟೆ ಹಿಡಿದುಕೊಂಡೇ ಕಾವಲಿಯ ದೋಸೆ ಎತ್ತಿ ತಮ್ಮ ಧನಂಜಯನ ತಟ್ಟೆಗೆ ಹಾಕಿದಳು.

ಅಕ್ಕನಿಗೆ ತಲೆಸುತ್ತಿನ ಕಾಯಿಲೆ ಹಳೆಯದು. ಅಮೆರಿಕದ ಇಸ್ಸಾಕ್ವಾ ಪಟ್ಟಣದ ಗದ್ದಲ ಬೇಡವೆಂದೇ ಭಾವ ಲಕ್ಷ್ಮೀಕಾಂತ ನಿವೃತ್ತರಾಗುತ್ತಲೇ ಸ್ನೊಕ್ವಾಲ್ಮಿ ಪಾಸ್ ಎಂಬ ಕಣಿವೆದಾರಿ ದಾಟಿ, ಬೋಳುಗುಡ್ಡದ ಮಗ್ಗುಲಲ್ಲಿ ಈ ಮನೆ ಕೊಂಡಿದ್ದರು. ಈಗ ಆ ಗುಡ್ಡದ ಮೇಲೆ ನಲವತ್ತೆರಡು ಗಾಳಿಯಂತ್ರ ಎದ್ದಿವೆ. ಅವುಗಳ ನಕ್ಷೆ ಹಾಕಿದ್ದು ಕ್ಯಾನ್ಯನ್ ಪಾರ್ಕ್ ಬಡಾವಣೆಯ ಒಂದು ಕಂಪನಿ. ಅಲ್ಲಿಯ ಎಂಜಿನಿಯರು ಈ ಧನಂಜಯನೇ. ಮೊದಮೊದಲು ಅಕ್ಕ ಬಂದವರಿಗೆಲ್ಲ ಕಿಟಕಿ ತೋರಿಸಿ, ನಮ್ಮ ಧನು ನಿಲ್ಲಿಸಿದ ಫ್ಯಾನುಗಳು ಅಂತ ಬೀಗಿದ್ದೇ ಬೀಗಿದ್ದು. ಚಳಿಗಾಲ ಬಂದು ಸೂರ್ಯ ದಕ್ಷಿಣಕ್ಕೆ ವಾಲಿದ ಮೇಲೆ ನೆರಳು ಒಳಗೆ ಬರಲು ಶುರುವಾಯಿತು. ಹೋದ ವಾರ ಅಕ್ಕ ಒಲೆಯ ಮುಂದೆಯೇ ಬಿದ್ದು ಮೊಣಕೈ ಮುರಿದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಭಾವ ತಾವು ಕೊಟ್ಟ ದೂರಿಗೆ ಕಂಪನಿಯಿಂದ ಬಂದ ಕಾಗದ ತಂದು ಮೇಜಿನ ಮೇಲಿಟ್ಟರು. ಜನ ವಾಸವಿರುವ ಮನೆಗೆ ನೆರಳು ಬಿದ್ದರೆ ಅಷ್ಟು ಹೊತ್ತು ಯಂತ್ರ ನಿಲ್ಲಿಸಬೇಕೆಂಬ ನಿಯಮವೇನೋ ಇದೆ. ಆದರೆ ಸರ್ವೆ ಮಾಡಿದ ದಿನ ಈ ಮನೆಯಲ್ಲಿ ಯಾರೂ ವಾಸವಿರಲಿಲ್ಲ, ಹಾಗಾಗಿ ಅದು ಇಲ್ಲಿಗೆ ಅನ್ವಯಿಸುವುದಿಲ್ಲ ಎಂದು ಬರೆದಿತ್ತು.

"ಯಾವನೋ ಪುಣ್ಯಾತ್ಮ ಖಾಲಿ ಮನೆ ಅಂತ ಬರಕೊಂಡು ಹೋಗಿದ್ದಾನೆ ನೋಡು," ಎಂದಳು ಅಕ್ಕ. "ಸಾಮಾನೆಲ್ಲ ಗ್ಯಾರೇಜಲ್ಲಿತ್ತು, ತುಳಸಿ ಮೆಟ್ಟಿಲ ಮೇಲಿತ್ತು. ಆಷಾಢ ಅಂತ ನಾವಿನ್ನೂ ಹಾಲು ಉಕ್ಕಿಸಿರಲಿಲ್ಲ, ಅಷ್ಟೇ."

"ಅಮೆರಿಕದವನಿಗೆ ಆಷಾಢ ಏನು ಗೊತ್ತು ಬಿಡೆ," ಎಂದು ಭಾವ ನಕ್ಕರು. "ಧನು, ಇದಕ್ಕೊಂದು ಉತ್ತರ ನೀನೇ ಬರ್ಕೊಡಪ್ಪ. ಅವರ ಭಾಷೇಲಿ ಬರೆದ್ರೆ ಕೇಳ್ತಾರೆ."

ಧನಂಜಯನಿಗೆ ಮೂರು ವರ್ಷದ ಹಿಂದಿನ ಆ ಜುಲೈ ಮಧ್ಯಾಹ್ನ ಕಣ್ಣೆದುರು ಬಂತು. ಈ ಮನೆಯನ್ನು ಲೆಕ್ಕಕ್ಕೆ ಹಿಡಿದರೆ ಎರಡು ಯಂತ್ರ ಜರುಗಿಸಬೇಕು, ನಕ್ಷೆಯೆಲ್ಲ ಹೊಸದಾಗಿ ಹಾಕಬೇಕು. ಆ ತಿಂಗಳೇ ಮುಗಿಸಿಕೊಡುತ್ತೇನೆಂದು ಮೇಲಿನವರಿಗೆ ಮಾತು ಕೊಟ್ಟಾಗಿತ್ತು. ಬಾಗಿಲಿಗೆ ಬೀಗವಿತ್ತು. ತನ್ನ ಬಾಟಲಿಯ ನೀರನ್ನೇ ಒಣಗಿದ್ದ ತುಳಸಿಗೆ ಸುರಿದು, ಕಾರಿನಲ್ಲಿ ಕೂತು, ವಾಸವಿಲ್ಲ ಎಂದು ಬರೆದಿದ್ದ. ಆ ದಿನದ ಮಟ್ಟಿಗೆ ಅದು ನಿಜವೇ ಅಲ್ಲವೇ ಎಂದು ಮೂರು ವರ್ಷ ತನಗೆ ತಾನೇ ಹೇಳಿಕೊಂಡಿದ್ದ.

"ಭಾವ... ಬಂದಿದ್ದೋನು ಅಮೆರಿಕದವನಲ್ಲ. ನಾನು."

ಕಾವಲಿಯ ಮೇಲೆ ದೋಸೆ ಸೀಯತೊಡಗಿತು. ಭಾವ ಎದ್ದು ಒಲೆ ಆರಿಸಿದರು.

"ಶ್ರಾವಣದ ಮುಹೂರ್ತ ನೋಡಿ ಹೇಳಿದ್ದೇ ನೀನಲ್ಲವೇನೋ?" ಅಕ್ಕನ ದನಿ ಏರಲಿಲ್ಲ.

"ಹೌದಕ್ಕ."

"ಇನ್ನೆರಡು ವಾರಕ್ಕೆ ನಾವು ಬರ್ತೀವಿ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂದೂ ತಪ್ಪೇ. ಆಷಾಢ ಗೀಷಾಢ ಅಂತ ಕೂರದೆ ಬಂದುಬಿಡಬೇಕಿತ್ತು..."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ತಾಯಿ ಸತ್ತ ಮೇಲೆ ತನಗೆ ತಲೆ ಬಾಚಿ ಬೆಳೆಸಿದ ಅಕ್ಕ, ತಮ್ಮನ ಪಾಪಕ್ಕೂ ತಾನೇ ಪಾಲುದಾರಳಾಗಲು ಹೊರಟಿದ್ದಳು! ಧನಂಜಯ ಫೋನು ತೆಗೆದು ಅಲ್ಲೇ ಬರೆಯಲು ಕೂತ. ಮನೆಯವರು ಬರುತ್ತಾರೆಂದು ತಿಳಿದೂ ತಿಳಿದೂ ಸುಳ್ಳು ವರದಿ ಕೊಟ್ಟವನು ತಾನು, ಆ ಮನೆ ತನ್ನ ಅಕ್ಕನದು, ನೆರಳು ಬೀಳುವಷ್ಟು ಹೊತ್ತು ಆ ಎರಡೂ ಯಂತ್ರ ನಿಲ್ಲಿಸಲೇಬೇಕು. ಕಂಪನಿಗೂ ಪರವಾನಗಿ ಕೊಟ್ಟ ಕಚೇರಿಗೂ ಒಟ್ಟಿಗೇ ಕಳಿಸಿದ. ಕೆಲಸ ಉಳಿಯುವುದಿಲ್ಲವೆಂದು ಭಾವನಿಗೂ ಅರ್ಥವಾಗಿತ್ತು. ಕಳಿಸುವ ಮುನ್ನ ತಡೆಯಲು ಕೈ ಚಾಚಿದ್ದವರು ಹೆಂಡತಿಯ ಮುಖ ನೋಡಿ ಕೈ ಹಿಂದೆಗೆದಿದ್ದರು.

ಕಾರಿನವರೆಗೆ ಬಂದವರು ಭಾವ ಒಬ್ಬರೇ. ಸೋಮವಾರ ಏನಂದರು ಅಂತ ಫೋನ್ ಮಾಡು ಎಂದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಊಟ ಮಾಡ್ಕೊಂಡು ಹೋಗೋ ಅನ್ನಲಿಲ್ಲ. ಅವಳು ಹಾಗೆ ಅನ್ನದೆ ಕಳಿಸಿದ್ದು ಅವನ ನಲವತ್ತು ವರ್ಷದಲ್ಲಿ ಇದೇ ಮೊದಲು.