ಇನ್ನೊಂದು ಸಲ ಕೇಳಿದ್ದರೆ

ದುಡ್ಡು ಹೂಡಲು ಹೊರದೇಶದಿಂದ ಬಂದಿದ್ದ ಅವನು ಆಗಲೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮೇಜಿನಾಚೆ ಅವಳ ಅಪ್ಪ ಇನ್ನೂ ನಗುತ್ತಲೇ ಕೂತಿದ್ದರು, ಎರಡನೆಯ ಸಲ ಕೇಳುತ್ತಾರೆಂದು.

“ಹೆಡ್ ಆಫೀಸಿಗೆ ಹೇಳಿಬಿಟ್ಟೆ,” ಎಂದ ಅವಳಿಗೆ, ಫೋನ್ ಜೇಬಿಗಿಳಿಸುತ್ತ. “ಬಂಡವಾಳ ಬೇರೆ ದೇಶಕ್ಕೆ ಹೋಗುತ್ತೆ. ನಿಮ್ಮ ತಂದೆ ಬೇಡ ಅಂದರಲ್ಲ.”

ಇಬ್ಬರ ನಡುವಿನ ದುಭಾಷಿ ಅವಳೇ.

ಅಪ್ಪ ಅಂದದ್ದು ನಿಜ. ‘ಅಯ್ಯೋ, ನಮಗ್ಯಾಕೆ ಇಷ್ಟೆಲ್ಲ, ಬೇಡ ಬಿಡಿ.’ ಈ ದುಡ್ಡು ಬರದಿದ್ದರೆ ಅವರ ಗುಂಡಿ ಕಾರ್ಖಾನೆಗೆ ಬೀಗವೇ ಗತಿ. ಆದರೂ ಕೇಳಿದ ಕೂಡಲೇ ಕೈಚಾಚುವುದು ಇಲ್ಲಿ ಮರ್ಯಾದೆಯಲ್ಲ. ಎರಡು ಸಲ ಬೇಡ ಎನ್ನಬೇಕು, ಮೂರನೆಯದಕ್ಕೆ ಹೂಂ. ಅವನ ಊರಿನಲ್ಲೋ, ಬೇಡವೆಂದವರನ್ನು ಮತ್ತೆ ಕೇಳುವುದೇ ಅವಮಾನ. ಅದು ಅವಳಿಗೆ ತಿಳಿದದ್ದು ಈಗ.

ಆಡಿದ್ದಷ್ಟೇ ಹೇಳಿ, ಏನೂ ಸೇರಿಸಬೇಡಿ ಎಂದು ಮೊದಲ ದಿನ ಅವನೇ ಹೇಳಿದ್ದ. ಅವಳು ಸೇರಿಸಿರಲಿಲ್ಲ.

“ಸಾಹೇಬರು ಯಾಕಮ್ಮ ಎದ್ದರು?” ಅಪ್ಪ ಕೇಳಿದರು.

“ಏನೋ ಫೋನಂತೆ.”

ಮೆಟ್ಟಿಲ ಮೇಲೆ ಅವಳು ಎಲ್ಲ ಬಿಡಿಸಿ ಹೇಳಿದಳು. ಅವನು ಅಲ್ಲೇ ನಿಂತು ಮತ್ತೆ ಫೋನ್ ಮಾಡಿದ. ಹೋದ ಮಾತು ಹೋದದ್ದೇ ಎಂದರಂತೆ ಹೆಡ್ ಆಫೀಸಿನವರು.

ಅವಳು ಅವನ ಕೋಟನ್ನೇ ನೋಡುತ್ತಿದ್ದಳು. ಅದರ ನಡುವಿನ ಗುಂಡಿ ಅವಳು ಹೊಲಿದದ್ದು. ಹಲ್ಲಲ್ಲಿ ದಾರ ಕಡಿಯಲು ಬಾಗಿದಾಗ ಅವನು ಉಸಿರು ಹಿಡಿದಿದ್ದ. “ಉಸಿರಾಡಿ ಮಾರಾಯರೇ, ದುಡ್ಡು ಹಾಕೋ ಮೊದಲೇ ಸತ್ತರೆ ಅಪ್ಪ ನನ್ನ ಬಿಡಲ್ಲ” ಎಂದಿದ್ದಳು. ಅವನ ಕಿವಿ ಕೆಂಪಾಗಿತ್ತು.

“ನನ್ನ ಜೊತೆ ಬನ್ನಿ,” ಎಂದ ಈಗ. “ಮದುವೆ ಆಗೋಣ.”

ಈ ಮಾತಿಗಾಗಿ ಎಷ್ಟು ಕಾದಿದ್ದಳು. ಮೇಲೆ ಅಪ್ಪ ಅವನ ಖಾಲಿ ಕುರ್ಚಿಯನ್ನು ಸರಿಮಾಡಿ ಇಡುವ ಸದ್ದು ಕೇಳಿಸಿತು.

“ಬೇಡ.”

ಅವನ ತುಟಿಯಂಚಿನಲ್ಲಿ ಸಣ್ಣ ನಗು. ಈಗಷ್ಟೇ ಕಲಿತ ಪಾಠ. “ಬನ್ನಿ.”

“ಪಕ್ಕದಲ್ಲೇ ಕೂತಿದ್ದೆ,” ಎಂದಳು. “ಫೋನ್ ಮಾಡೋ ಮೊದಲು ನೀವು, ‘ನಿಮ್ಮಪ್ಪ ಯಾಕೆ ಹಾಗಂದರು’ ಅಂತ ನನ್ನನ್ನೊಂದು ಮಾತು ಕೇಳಲಿಲ್ಲ. ಬೇಡ.”

ಮೂರನೆಯ ಸಲ ಅವನು ಅವಳದೇ ಭಾಷೆಯಲ್ಲಿ, ತಡವರಿಸುತ್ತ ಕೇಳಿದ. “ಬರ್ತೀಯಾ?”

ಅವಸರದಲ್ಲಿ ಅವನು ಬಿಟ್ಟಿದ್ದ ಆ ನಡುವಿನ ಗುಂಡಿಯನ್ನು ಅವಳು ಮೆಲ್ಲಗೆ ಹಾಕಿದಳು.

“ಬೇಡ. ಇದು ನಿಮ್ಮೂರಿನ ಬೇಡ.”