ಯಂಕವ್ವನ ಕೈ

ಆಗಸ್ಟ್ ತಿಂಗಳ ಒಂದು ಸೋಮವಾರ ಮುಂಜಾನೆ ಕೆಂಚಗೇರಿಯ ಪರಮಾನಂದ ಜಮಖಂಡಿಯ ಠಾಣೆಗೆ ಬಂದು, ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟ. ಹೆಂಡತಿ ಯಂಕವ್ವ ಆ ಊರಿನ ಗ್ರಾಮ ಪಂಚಾಯತಿಯ ಸದಸ್ಯೆ. ಪಿಎಸ್‌ಐ ಶಿವಯೋಗಿ ಎಫ್‌ಐಆರ್ ಬರೆಸುತ್ತಲೇ ಪ್ರಶ್ನೆ ಹಾಕಿದ.

“ಕಡೀಕ ಯಾವಾಗ ನೋಡಿದ್ರಿ?”

“ನಿನ್ನೆ ಮುಂಜಾನೆರಿ. ಅಂಗಡಿಗೆ ಹೋಗಿ ಬರ್ತೇನಿ ಅಂದಾಕಿ ಹೊಳ್ಳಿ ಬರಲಿಲ್ಲ.”

“ಯಾರ ಮ್ಯಾಲರ ಸಂಶಯ?”

“ಬುಧವಾರ ಅವಿಶ್ವಾಸ ಐತ್ರಿ,” ಎಂದ ಪರಮಾನಂದ, ಅಷ್ಟು ಹೇಳಿದರೆ ಸಾಕು ಎಂಬಂತೆ.

ಸಾಕೇ ಆಗಿತ್ತು. ಅಧ್ಯಕ್ಷ ಶಿದ್ರಾಮಪ್ಪನನ್ನು ಇಳಿಸಲು ಉಪಾಧ್ಯಕ್ಷ ರೇವಪ್ಪ ಅವಿಶ್ವಾಸ ನಿರ್ಣಯ ತಂದಿದ್ದ. ಸಭೆ ನಡೆಸುವ ಉಪವಿಭಾಗಾಧಿಕಾರಿ ಎ.ಸಿ. ಸಾಹೇಬರ ಎದುರು ಸದಸ್ಯರು ಕೈ ಎತ್ತಬೇಕು. ರೇವಪ್ಪನಿಗೆ ಒಂದೇ ಒಂದು ಕೈ ಕಡಿಮೆ. ಯಂಕವ್ವ ಎತ್ತಿದರೆ ಶಿದ್ರಾಮಪ್ಪ ಮನೆಗೆ, ಎತ್ತದಿದ್ದರೆ ಅವನ ಕುರ್ಚಿ ಗಟ್ಟಿ. ಇಂಥ ಹೊತ್ತಿನಲ್ಲಿ ಸದಸ್ಯರನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಿ, ಊರೂರು ದೇವರ ದರ್ಶನ ಮಾಡಿಸಿ, ಸಭೆಯ ದಿನವೇ ತಂದಿಳಿಸುವುದು ಹೊಸದೇನಲ್ಲ. ಆದರೆ ಮನೆಯವರಿಗೂ ಹೇಳದೆ ಒಯ್ದರೆ ಅದು ಅಪಹರಣವೇ. ಸಭೆಗೆ ಮೊದಲೇ ಆ ಹೆಣ್ಣುಮಗಳು ಸುರಕ್ಷಿತವಾಗಿ ಸಿಗಬೇಕು ಎಂಬುದೊಂದೇ ಶಿವಯೋಗಿಯ ತಲೆಯಲ್ಲಿತ್ತು.

ಶಿದ್ರಾಮಪ್ಪ ಬೆವರುತ್ತಾನೆ, ತನಗೇನೂ ಗೊತ್ತಿಲ್ಲ ಎನ್ನುತ್ತಾನೆ ಎಂದುಕೊಂಡು ಹೋದರೆ ಆದದ್ದೇ ಬೇರೆ.

“ಯಂಕವ್ವ ಎಲ್ಲಿ ಅದಾಳ?”

“ನಮ್ಮ ಕಡೇನ ಅದಾಳ್ರಿ. ಆರಾಮ ಅದಾಳ,” ಎಂದ ಅಧ್ಯಕ್ಷ, ಕಟ್ಟೆಯ ಮೇಲೆ ಕೂತ ಮಂದಿಗೂ ಕೇಳುವ ಹಾಗೆ.

ಅಲ್ಲಿಗೆ ಕೇಸು ಮುಗಿಯಿತು ಎನ್ನುವಷ್ಟರಲ್ಲಿ ಎದುರಿನ ಓಣಿಯಿಂದ ರೇವಪ್ಪ ಬಂದ. “ಅಂವ ಸುಳ್ಳ ಹೇಳ್ತಾನ್ರಿ ಸಾಹೇಬ್ರ. ಯಂಕವ್ವ ನಮ್ಮ ಜೋಡಿ ಅದಾಳ.”

ಶಿವಯೋಗಿಗೆ ತಲೆ ಕೆಟ್ಟಿತು. ನಾನಲ್ಲ ನಾನಲ್ಲ ಎನ್ನುವವರನ್ನು ಅವನು ಬೇಕಾದಷ್ಟು ನೋಡಿದ್ದ. ಹೆಂಗಸನ್ನು ಮುಚ್ಚಿಟ್ಟವನು ನಾನೇ, ನಾನೇ ಎಂದು ಇಬ್ಬರು ಜಗಳಾಡುವುದನ್ನು ನೋಡಿರಲಿಲ್ಲ. ಯಾರನ್ನು ನಂಬಬೇಕು, ಯಾರನ್ನು ಹಿಡಿಯಬೇಕು? ಸೋಮವಾರವೆಲ್ಲ ಎರಡೂ ಕಡೆಯವರು ಹೇಳಿದ ಜಾಗಗಳಿಗೆ ಜೀಪು ಓಡಿಸಿದ್ದೇ ಬಂತು.

ಮಂಗಳವಾರ ಇಬ್ಬರನ್ನೂ ಠಾಣೆಗೆ ಕರೆಸಿದ.

“ಫೋನ್ ಹಚ್ರಿ. ಆಕಿ ಜೋಡಿ ನಾ ಮಾತಾಡಬೇಕು.”

ಶಿದ್ರಾಮಪ್ಪನಿಗೆ ರೇಂಜ್ ಸಿಗಲಿಲ್ಲ. ರೇವಪ್ಪನ ಫೋನಿನ ಬ್ಯಾಟರಿ ಇಳಿದಿತ್ತು.

“ಹಂಗಾದ್ರ ಇಬ್ಬರ ಮ್ಯಾಲೂ ಅಪಹರಣದ ಕೇಸ್ ಬರೀತೇನಿ.”

“ಇಲ್ರಿ, ನಮ್ಮ ಕಡೆ ಇಲ್ಲರಿ!” ರೇವಪ್ಪ ಕೈ ಮುಗಿದ. “ಆಕಿ ಇಲ್ಲಂತ ಗೊತ್ತಾದ್ರ ಉಳಿದ ಮೆಂಬರೂ ಆ ಕಡೆ ಜಿಗೀತಾರ್ರಿ. ಅದಕ್ಕ ಹಂಗ ಅಂದೆ. ಪರಮಾನಂದ ಅಂತೂ ನನಗ ಮಾತ ಕೊಟ್ಟಾನ.”

“ನನಗ ಕೊಟ್ಟಾನ್ರಿ!” ಎಂದ ಶಿದ್ರಾಮಪ್ಪ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾನ್ಸ್‌ಟೇಬಲ್ ಕಾಂಚನಾಳನ್ನು ಕರೆದುಕೊಂಡು ಶಿವಯೋಗಿ ಪರಮಾನಂದನ ಮನೆಗೆ ನಡೆದ. ಅವನು ಹೊಲಕ್ಕೆ ಹೋಗಿದ್ದ. ಅವನ ತಾಯಿ ಹಾಲವ್ವ ಚಹಾ ತಂದುಕೊಟ್ಟು, ಸೊಸೆಯನ್ನು ನೆನೆಸಿ ಅಳತೊಡಗಿದಳು.

“ಆಕಿ ಇಲ್ಲದ ಮನಿ ಮನಿ ಅನಸೂದಿಲ್ರಿ. ಎಮ್ಮಿ ಸೈತ ಆಕಿ ಕೈಗಷ್ಟ ಹಿಂಡಸ್ಕೋತೈತಿ. ನಾ ಹೋದ್ರ ಒದೀತೈತಿ, ನನ್ನ ಮಗಾ ಹೋದ್ರ ಹಾಯಾಕ ಬರ್ತೈತಿ.”

ಶಿವಯೋಗಿ ಹೂಂಗುಟ್ಟುತ್ತ ಚಹಾ ಕುಡಿದ. ಗಟ್ಟಿ ಹಾಲಿನ ಚಹಾ. ಎರಡನೇ ಗುಟುಕಿಗೆ ಲೋಟ ಕೆಳಗಿಟ್ಟ.

“ಯವ್ವಾ, ಈ ಹಾಲ ಎಲ್ಲೀದು?”

“ನಮ್ಮ ಎಮ್ಮೀದರಿ. ಮೊನ್ನಿಯಿಂದ ಅದನ್ನ ಹೊಲದಾಗ ಕಟ್ಯಾನ. ಮುಂಜಾನೆ ಅಲ್ಲಿಂದನ ಹಾಲ…” ಮುದುಕಿಯ ಮಾತು ಅಲ್ಲಿಗೇ ನಿಂತಿತು. “ಯಪ್ಪಾ, ಹಿಂಡಿದವ್ರು ಯಾರು?”

ಹೊಲದಲ್ಲಿ ಕಬ್ಬು ಆಳೆತ್ತರ ದಾಟಿತ್ತು. ನಡುವೆ ಬೆಲ್ಲದ ಹಂಗಾಮು ಮುಗಿದು ಖಾಲಿ ಬಿದ್ದ ಗಾಣದ ಮನೆ. ಬಾಗಿಲಿಗೆ ಹೊರಗಿನಿಂದ ಕೀಲಿ, ಬಾಗಿಲ ಮುಂದೆ ಎಮ್ಮೆ. ಪರಮಾನಂದ ಪೊಲೀಸರನ್ನು ಕಂಡು ಓಡಲಿಲ್ಲ. ಕೀಲಿಕೈ ತೆಗೆದು ಕೊಟ್ಟುಬಿಟ್ಟ. ಪಂಚರ ಎದುರು ಬಾಗಿಲು ತೆರೆಸಿ ಪಂಚನಾಮೆ ಬರೆದರು.

“ಎರಡೂ ಕಡೆಯಾವ್ರು ಹೊತ್ಕೊಂಡ ಹೋಗ್ತಾರ, ಒಳಗಿರು ಅಂದಾನ್ರಿ ನನ್ನ ಗಂಡ,” ಎಂದಳು ಹೊರಗೆ ಬಂದ ಯಂಕವ್ವ. “ಕಾಳಜಿ ಅನ್ಕೊಂಡೆ. ಕೀಲಿ ಹಾಕಿದ್ದ ಆಮ್ಯಾಲ ಗೊತ್ತಾತು. ಎಮ್ಮಿ ಹಿಂಡಾಕಷ್ಟ ಬಾಗಿಲ ತಗೀತಿದ್ದ. ಎಷ್ಟ ಒದರಿದ್ರೂ ಕಬ್ಬಿನ್ಯಾಗ ಯಾರಿಗೆ ಕೇಳ್ತೈತಿ?”

ಅಕ್ರಮವಾಗಿ ಕೂಡಿಹಾಕಿದ್ದಕ್ಕೆ, ಪೊಲೀಸರಿಗೆ ಸುಳ್ಳು ದೂರು ಕೊಟ್ಟಿದ್ದಕ್ಕೆ ಪರಮಾನಂದನನ್ನು ಬಂಧಿಸಿದರು. ಹೇಳಿಕೆ ಕೊಡುವಾಗ ಅವನು ಒಂದೂ ಮಾತು ಮುಚ್ಚಿಡಲಿಲ್ಲ.

“ಮೊದಲ ನಾ ಪಂಚಾಯತಿ ಹೊರಗ ನಿಂದ್ರಾಂವರಿ. ಆಕಿ ಆರಿಸಿ ಬಂದಳು, ಮಂದಿ ನನ್ನ ಮೆಂಬರ್ರ ಬರ್ರಿ, ಕೂಡ್ರಿ ಅನ್ನಾಕತ್ರು. ಶಿದ್ರಾಮಪ್ಪ ಕೇಳಿದ, ಹೂಂ ಅಂದೆ. ರೇವಪ್ಪ ಕೇಳಿದ, ಹೂಂ ಅಂದೆ. ಸಭೆಗೆ ಆಕೀನ ಬರದಿದ್ರ ಯಾರಿಗೂ ಮಾತ ತಪ್ಪಿದಂಗ ಆಗೂದಿಲ್ಲ ಅನ್ಕೊಂಡೆ. ಇಬ್ಬರೂ ನನ್ನ ಮ್ಯಾಲ ಸಂಶಯ ಪಡಬಾರದಂತ ದೂರೂ ಕೊಟ್ಟೆ.”

ಶಿವಯೋಗಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು.

ಬುಧವಾರ ಯಂಕವ್ವನನ್ನು ಪೊಲೀಸ್ ಜೀಪಿನಲ್ಲೇ ಪಂಚಾಯತಿಗೆ ಕರೆದೊಯ್ದರು. ಇಳಿಯುವ ಮೊದಲು ಆಕೆ ಕೇಳಿದಳು, “ನಾ ಕೈ ಎತ್ತಬೇಕೋ ಬ್ಯಾಡೋ? ನೀವ ಹೇಳ್ರಿ ಸಾಹೇಬ್ರ.”

ಸುಳ್ಳು ಹೇಳಿ ತನ್ನನ್ನು ಅಲೆಸಿದ ಇಬ್ಬರ ಮೇಲೂ ಶಿವಯೋಗಿಗೆ ಹೇಳುವುದು ಬಹಳವಿತ್ತು. ನುಂಗಿಕೊಂಡ. “ಅದನ್ನ ನನ್ನ ಕೇಳಬ್ಯಾಡ ಯಕ್ಕಾ.”

ಬಂದೋಬಸ್ತಿಗೆ ನಿಂತವನಿಗೆ ಕಿಟಕಿಯಿಂದ ಸಭೆ ಕಾಣುತ್ತಿತ್ತು. ನಿರ್ಣಯದ ಪರ ಇರುವವರು ಕೈ ಎತ್ತಿ ಎಂದು ಎ.ಸಿ. ಸಾಹೇಬರು ಹೇಳಿದಾಗ ಎರಡೂ ಬಣದವರು ಬಾಗಿಲ ಕಡೆ ನೋಡಿದರು. ಪ್ರತಿ ಸಭೆಯಲ್ಲೂ ಅಲ್ಲಿ ನಿಂತು ಹೆಂಡತಿಗೆ ಸನ್ನೆ ಮಾಡುವವನು ಪರಮಾನಂದ. ರೂಢಿಯಂತೆ ಯಂಕವ್ವನೂ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಕೆ ಮುಖ ಇತ್ತ ತಿರುಗಿಸಿ, ನಿಧಾನವಾಗಿ ಕೈ ಎತ್ತಿದಳು. ಶಿದ್ರಾಮಪ್ಪನ ಅಧ್ಯಕ್ಷಗಿರಿ ಮುಗಿಯಿತು.

ಮಧ್ಯಾಹ್ನ ಕೋರ್ಟಿಗೆ ಕರೆದೊಯ್ಯುವಾಗ ಪರಮಾನಂದ ಠಾಣೆಯ ಮೆಟ್ಟಿಲ ಮೇಲೆ ನಿಂತ.

“ಸಾಹೇಬ್ರ, ಆಕಿ ಕೈ ಎತ್ತಿದಳೇನ್ರಿ?”

“ಮನಿಗೆ ಹೋದ ಮ್ಯಾಲ ಆಕೀನ್ನ ಕೇಳು.”

ಪರಮಾನಂದ ಗಲಿಬಿಲಿಗೊಂಡು ಅವನ ಮುಖ ನೋಡಿದ.

“ಹೆಂಗ ಕೇಳೂದ್ರಿ? ನಾ ಎಂದೂ ಕೇಳಿಲ್ಲಲ್ರಿ.”

ಶಿವಯೋಗಿ ಜೀಪಿನ ಬಾಗಿಲು ತೆರೆದ.